ಮಾಮೂಲಿ ಕ್ಯಾಬಿನ್‌ನಲ್ಲಿ ವೀಲ್‌ಚೇರ್ ಇಟ್ಟುಕೊಂಡು ಕ್ರೂಸ್

ಎಲ್ಲರಿಗೂ ನಮಸ್ಕಾರ.

ವೀಲ್‌ಚೇರ್ ಬಳಸುವವರು ಕ್ರೂಸ್‌ಗೆ ಹೊರಟರೆ ಬುಕಿಂಗ್‌ನವರು ಮೊದಲು ಹೇಳುವುದು ಒಂದೇ ಮಾತು: ವೀಲ್‌ಚೇರ್ ಕ್ಯಾಬಿನ್ ತಗೊಳ್ಳಿ. ಸಲಹೆ ಸರಿಯೇ. ಆದರೆ ಸಾವಿರಾರು ಜನ ಹೋಗುವ ಹಡಗಿನಲ್ಲೂ ಅಂಥ ಕ್ಯಾಬಿನ್‌ಗಳು ಕಡಿಮೆ, ಎಷ್ಟೋ ತಿಂಗಳು ಮುಂಚೆಯೇ ಖಾಲಿಯಾಗುತ್ತವೆ. ಹಾಗಾದರೆ ಮಾಮೂಲಿ ಕ್ಯಾಬಿನ್‌ನಲ್ಲಿ ನಡೆಯುತ್ತಾ?

ಏನಾದರೂ ಹಿಡಿದುಕೊಂಡು ನಾಲ್ಕೈದು ಹೆಜ್ಜೆ ಇಡಬಲ್ಲವರಿಗೆ ನಡೆಯುತ್ತದೆ. ಎದ್ದು ನಿಲ್ಲಲು ಆಗದವರಿಗೆ ನಡೆಯುವುದಿಲ್ಲ. ಅವರು ಕಾದು, ವೀಲ್‌ಚೇರ್ ಕ್ಯಾಬಿನ್ ಸಿಕ್ಕಾಗಲೇ ಹೋಗಲಿ. ‘ಹೇಗೋ ಅಡ್ಜಸ್ಟ್ ಮಾಡ್ಕೊಂಡ್ರಾಯ್ತು’ ಅನ್ನುವ ನೆಂಟರ ಮಾತು ಕೇಳಬೇಡಿ. ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಅವರಲ್ಲ.

ಎಲ್ಲಾ ನಿಂತಿರುವುದು ಬಾಗಿಲ ಮೇಲೆ. ಮಾಮೂಲಿ ಕ್ಯಾಬಿನ್ ಬಾಗಿಲು ಎಷ್ಟೋ ಹಡಗುಗಳಲ್ಲಿ 22–23 ಇಂಚು ಅಗಲ. ವೀಲ್‌ಚೇರ್ ಕ್ಯಾಬಿನ್‌ನದು ಸುಮಾರು 32. ದೊಡ್ಡವರ ಸಾಮಾನ್ಯ ವೀಲ್‌ಚೇರ್ 24–26 ಇಂಚು ಇರುತ್ತದೆ. ಲೆಕ್ಕ ಅಲ್ಲೇ ಕೆಟ್ಟಿತು, ಅಲ್ವಾ? ಎಷ್ಟೋ ಜನ ಸೀಟಿನ ಅಗಲ ಅಳೆದು, 18 ಇಂಚು ಬಂತು, ಸಾಕು ಅಂದುಕೊಳ್ಳುತ್ತಾರೆ. ಟೇಪು ಹಿಡಿಯಬೇಕಾದ್ದು ಚಕ್ರದ ಹೊರಗೆ, ಕೈಯಿಂದ ತಳ್ಳುವ ಬಳೆಯಿದೆಯಲ್ಲ, ಈ ಬಳೆಯ ಅಂಚಿನಿಂದ ಆ ಬಳೆಯ ಅಂಚಿಗೆ. ಹಡಗಿನವರನ್ನೂ ‘ಬಾಗಿಲು ದೊಡ್ಡದಿದೆಯಾ?’ ಅಂತ ಕೇಳಬೇಡಿ. ‘ಪೂರ್ತಿ ತೆರೆದಾಗ ಎಷ್ಟು ಇಂಚು ಜಾಗ ಸಿಗುತ್ತೆ?’ ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಮಡಚುವ ಕುರ್ಚಿಯಾದರೆ ದಾರಿಯಿದೆ. ಬಾಗಿಲ ಮುಂದೆ ಬ್ರೇಕ್ ಹಾಕಿ, ಚೌಕಟ್ಟು ಹಿಡಿದು ಎದ್ದು ಒಳಗೆ ಹೋಗುವುದು. ಹಿಂದೆ ಇರುವವರು ಸೀಟನ್ನು ಮಧ್ಯದಲ್ಲಿ ಮೇಲಕ್ಕೆಳೆದರೆ ಕುರ್ಚಿಯ ಅಗಲ ಸುಮಾರು ಒಂದಡಿಗೆ ಇಳಿಯುತ್ತದೆ. ಆಮೇಲೆ ಅದನ್ನು ಒಳಗೆ ಉರುಳಿಸುವುದು. ಒಂದು ಮಾತು: ಕ್ಯಾಬಿನ್ ಬಾಗಿಲು ಬೆಂಕಿ ತಡೆಯಲು ಮಾಡಿದ್ದು. ಭಾರ ಜಾಸ್ತಿ, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಒಬ್ಬರು ಅದನ್ನು ಹಿಡಿದೇ ನಿಲ್ಲಬೇಕು.

ಕುರ್ಚಿಯನ್ನು ಕಾರಿಡಾರ್‌ನಲ್ಲಿ ಬಿಡೋಣ ಅಂದರೆ ಬಿಡುವುದಿಲ್ಲ. ಏನಾದರೂ ಆದರೆ ಜನ ಓಡಬೇಕಾದ ದಾರಿ ಅದು. ಬ್ಯಾಟರಿ ಸ್ಕೂಟರ್‌ಗೂ ಇದೇ ನಿಯಮ: ನಿಲ್ಲಿಸುವುದು, ಚಾರ್ಜ್ ಮಾಡುವುದು ಎರಡೂ ಕ್ಯಾಬಿನ್ ಒಳಗೇ. ಬಾಗಿಲಲ್ಲಿ ಹಿಡಿಸದ ಸ್ಕೂಟರ್ ಇದ್ದರೆ ಮಾಮೂಲಿ ಕ್ಯಾಬಿನ್ ಆಸೆ ಬಿಡಿ, ಇಲ್ಲವೇ ಮಡಚುವ ಚಿಕ್ಕ ಸ್ಕೂಟರ್ ಬಾಡಿಗೆಗೆ ತನ್ನಿ. ಸರ್ಜ್ ಪ್ರೊಟೆಕ್ಟರ್ (ಕರೆಂಟ್ ದಿಢೀರ್ ಏರಿದರೆ ತಡೆಯುವ ಭಾಗ) ಇರುವ ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ಯಬೇಡಿ. ಹಡಗಿನ ವೈರಿಂಗ್ ಮನೆಯ ಥರ ಅಲ್ಲ, ಅದರಿಂದ ಬೆಂಕಿ ಹತ್ತುವ ಅಪಾಯವಿದೆ. ಹತ್ತುವಾಗಲೇ ಕಿತ್ತಿಟ್ಟುಕೊಳ್ಳುತ್ತಾರೆ.

ಇನ್ನು ಬಾತ್‌ರೂಮ್. ನೀರು ಹೊರಗೆ ಬರದಿರಲೆಂದು ಹೊಸ್ತಿಲನ್ನು ಕೆಲವು ಇಂಚು ಎತ್ತರಿಸಿರುತ್ತಾರೆ. ರಾತ್ರಿ ನಿದ್ದೆಗಣ್ಣಲ್ಲಿ, ಹಡಗು ತೂಗುತ್ತಿರುವಾಗ, ವಾಕರ್‌ನ ಮುಂಗಾಲು ಬಂದು ಬಡಿಯುವುದು ಇದಕ್ಕೇ. ವಾಕರ್ ಹೊರಗೇ ಬಿಟ್ಟು, ಚೌಕಟ್ಟು ಹಿಡಿದು, ಗಟ್ಟಿ ಕಾಲನ್ನು ಮೊದಲು ಎತ್ತಿಡಿ. ಟವೆಲ್ ಕಂಬಿಗೆ ಜೋತುಬೀಳಬೇಡಿ, ಅದು ಮೈಭಾರ ಹೊರಲು ಹಾಕಿದ್ದಲ್ಲ. ಶವರ್‌ಗೆ ಸ್ಟೂಲ್, ಟಾಯ್ಲೆಟ್ ಸೀಟ್ ಎತ್ತರಿಸುವ ಸಾಮಾನು ಮುಂಚೆಯೇ ಕೇಳಿದರೆ ಹಲವು ಕಂಪನಿಗಳು ಕೊಡುತ್ತವೆ. ಕ್ಯಾಬಿನ್ ನೋಡಿಕೊಳ್ಳುವವರಿಗೆ ಮೊದಲ ದಿನವೇ ಹೇಳಿ ಟೀಪಾಯಿ ಹೊರಗೆ ಹಾಕಿಸಿ. ಮಡಚಿದ ಕುರ್ಚಿಗೆ ಅಷ್ಟು ಜಾಗ ಸಾಕು.

ಕ್ಯಾಬಿನ್ ಆರಿಸುವಾಗ ಲಿಫ್ಟ್‌ಗೆ ಹತ್ತಿರ, ಹಡಗಿನ ನಡುಭಾಗ, ಆದಷ್ಟು ಕೆಳಗಿನ ಡೆಕ್. ಅಲ್ಲಿ ಕುಲುಕಾಟ ಕಡಿಮೆ. ಆದರೆ ಬೆಂಕಿ ಅಥವಾ ಅಪಘಾತದ ಹೊತ್ತಿಗೆ ಲಿಫ್ಟ್ ನಂಬುವಂತಿಲ್ಲ. ‘ಮೆಟ್ಟಿಲು ಹತ್ತಲಾರೆ’ ಅಂತ ಬುಕಿಂಗ್‌ನಲ್ಲೇ ಬರೆಸಿ. ಸಂಕೋಚಪಟ್ಟು ಮುಚ್ಚಿಟ್ಟರೆ ನಿಮ್ಮನ್ನು ಕರೆದೊಯ್ಯಲು ಬರಬೇಕಾದವರಿಗೇ ಗೊತ್ತಿರುವುದಿಲ್ಲ. 2012ರಲ್ಲಿ ಕೋಸ್ಟಾ ಕಾನ್‌ಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಮುಳುಗಿದ ಮೇಲೆ ನಿಯಮ ಬಿಗಿಯಾಯಿತು. 2015ರಿಂದ, ಸುರಕ್ಷತಾ ಡ್ರಿಲ್ ಹಡಗು ಹೊರಡುವ ಮುಂಚೆ ಅಥವಾ ಹೊರಟ ತಕ್ಷಣ ಆಗಲೇಬೇಕು. ಅಲ್ಲೇ ಕೇಳಿ: ನನ್ನನ್ನು ಇಳಿಸುವವರು ಯಾರು, ಯಾವ ದಾರಿಯಲ್ಲಿ?

ಕಾನೂನಿನ ಬಗ್ಗೆ ಒಂದೇ ಮಾತು. ಅಮೆರಿಕದ ಅಂಗವಿಕಲರ ಹಕ್ಕಿನ ಕಾಯ್ದೆ, ಆ ದೇಶದ ನೀರಿಗೆ ಬರುವ ವಿದೇಶಿ ಬಾವುಟದ (ಬೇರೆ ದೇಶದಲ್ಲಿ ನೋಂದಣಿಯಾದ) ಕ್ರೂಸ್ ಹಡಗುಗಳಿಗೂ ಅನ್ವಯಿಸುತ್ತದೆ ಎಂದು 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಪೂರ್ತಿಯಾಗಿ ಅಲ್ಲ, ಹಡಗಿನ ಒಳಗಿನ ಕೆಲವು ವಿಷಯಗಳಿಗೆ ಮಿತಿಯಿದೆ.

ಕೊನೆಗೆ ಟೆಂಡರ್ ಬಂದರುಗಳು. ಅಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ, ಚಿಕ್ಕ ದೋಣಿಗೆ ದಾಟಬೇಕು. ಅಲೆಯಿದ್ದರೆ ದೋಣಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಭಾರದ ಸ್ಕೂಟರನ್ನು ಸಾಮಾನ್ಯವಾಗಿ ಒಯ್ಯುವುದಿಲ್ಲ, ಮನುಷ್ಯರನ್ನು ಎತ್ತಿ ದಾಟಿಸುವುದೂ ಇಲ್ಲ. ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಪ್ರಯಾಣದ ಪಟ್ಟಿಯಲ್ಲಿ ಟೆಂಡರ್ ಎಷ್ಟು ಅಂತ ನೋಡಿ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಬೇರೆ ಹಡಗು ಹುಡುಕಿ.

ಈಗ ಪ್ರಶ್ನೆ ಕೇಳಿ. ಕುರ್ಚಿಯ ಅಗಲ ಅಳೆದು ಬಂದವರಿದ್ದರೆ ಅವರೇ ಮೊದಲು.