ಅಜ್ಜಿಯ ಹಣಿಗೆ, ನನ್ನ ಗುಂಗುರು

ಈಗ ನೀವು ನೋಡುತ್ತಿರುವುದು ದಾವಣಗೆರೆಯ ನಮ್ಮ ಮನೆಯ ಹಿತ್ತಲ ಗೋಡೆ. ಆ ಗೂಡಿನಲ್ಲಿ ಕಪ್ಪಗೆ ಉಂಡೆಯ ಹಾಗೆ ಇದೆಯಲ್ಲ, ಅದು ಕೂದಲು. ತಲೆ ಬಾಚಿದಾಗ ಹಣಿಗೆಗೆ ಬಂದದ್ದನ್ನು ಅಜ್ಜಿ ಬೆರಳಿಗೆ ಸುತ್ತಿ ಅಲ್ಲೇ ಸಿಕ್ಕಿಸುತ್ತಾರೆ, ಪಾತ್ರೆ ಮಾರುವವರು ಬಂದಾಗ ಕೊಡುವುದಕ್ಕೆ. ಅಜ್ಜಿಯದು, ಅಮ್ಮನದು, ನನ್ನದು, ಮೂವರದೂ ಅದರಲ್ಲಿದೆ.

ಇವತ್ತು ಅದರಿಂದ ಒಂದೊಂದು ಎಳೆ ಬಿಡಿಸಿ ಹಾಳೆ ಮೇಲೆ ಇಟ್ಟಿದ್ದೇನೆ. ಅಜ್ಜಿಯದು ದಪ್ಪ, ನೆಟ್ಟಗಿದೆ. ಅಮ್ಮನದು ಅಲೆಅಲೆ. ನನ್ನದು ಸ್ಪ್ರಿಂಗ್ ಥರ ಸುತ್ತಿಕೊಂಡಿದೆ. ಒಂದೇ ಮನೆ, ಒಂದೇ ಎಣ್ಣೆ. ಹೀಗಿರುವಾಗ ‘ಏಷ್ಯನ್ ಹೇರ್’ ಅಂತ ಎಲ್ಲಾದರೂ ಓದಿದರೆ, ಯಾರ ಕೂದಲು ಅಂತ ಕೇಳಬೇಕು ಅನಿಸುತ್ತದೆ.

ಆ ಹೆಸರಿನಲ್ಲಿ ಹೇಳುವುದೆಲ್ಲ ಹೆಚ್ಚಾಗಿ ಚೀನಾ, ಜಪಾನ್, ಕೊರಿಯಾ ಕಡೆಯವರ ಕೂದಲಿನ ಬಗ್ಗೆ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಅವರ ಎಳೆ ದುಂಡಗಿರುತ್ತದೆ. ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ತಿಂಗಳಿಗೆ ಸುಮಾರು 1.3 ಸೆಂಟಿಮೀಟರ್ ಬೆಳೆಯುತ್ತದೆ. ಆದರೆ ತಲೆ ಮೇಲೆ ಎಳೆಗಳ ಸಂಖ್ಯೆ ಯುರೋಪಿನವರಿಗಿಂತ ಕಡಿಮೆ. ಆ ದಪ್ಪಕ್ಕೆ ಇಡಾರ್ ಅನ್ನುವ ಜೀನ್‌ನ ಒಂದು ರೂಪ ಕಾರಣ. ಅದು ಅಲ್ಲಿ ತುಂಬಾ ಜನರಲ್ಲಿದೆ, ನಮ್ಮಲ್ಲಿ ಅಪರೂಪ. ನಾವೂ ಏಷ್ಯಾದವರೇ ಅಲ್ವಾ? ಆದರೆ ನಮ್ಮ ಕೂದಲಿನಲ್ಲಿ ನೆಟ್ಟಗಿನದ್ದು, ಅಲೆ, ಗುಂಗುರು ಎಲ್ಲವೂ ಇದೆ.

ಎಳೆಯ ಒಳಗೆ ಏನಿದೆ ಅಂತ ಹೇಳುವುದಕ್ಕೆ ನಮ್ಮೂರಿನ ಮೆಕ್ಕೆಜೋಳದ ತೆನೆಯೇ ಸಾಕು. ತೆನೆಗೆ ಸಿಪ್ಪೆ ಪದರಪದರವಾಗಿ ಸುತ್ತಿರುತ್ತದಲ್ಲ, ಹಾಗೆ ಕೂದಲಿನ ಹೊರಗೆ ತೆಳ್ಳನೆ ಚಕ್ಕೆಗಳು ಒಂದರ ಮೇಲೊಂದು ಕೂತಿವೆ. ಅದು ಕ್ಯೂಟಿಕಲ್. ಒಳಗೆ ಕೆರಾಟಿನ್ ಅನ್ನುವ ಪ್ರೋಟೀನ್‌ನ ನಾರುಗಳ ಕಾರ್ಟೆಕ್ಸ್. ಬಲವೂ ಅದರದೇ, ಕಪ್ಪು ಬಣ್ಣವೂ ಅಲ್ಲೇ. ದಪ್ಪ ಎಳೆಯಾದರೆ ನಟ್ಟನಡುವೆ ಬೆಂಡಿನಂಥ ಮೆಡುಲಾ ಇರುತ್ತದೆ. ತೆಳು ಎಳೆಯಲ್ಲಿ ಅದು ಇಲ್ಲದಿರುವುದೂ ಉಂಟು.

ಕಾಲೇಜಿನಲ್ಲಿದ್ದಾಗ ನಾನು ಒಂದು ಪಾರ್ಲರಿನಲ್ಲಿ ಸ್ಟ್ರೇಟನಿಂಗ್ ಮಾಡಿಸಿದ್ದೆ. ಇನ್ನು ಗುಂಗುರು ಬರುವುದೇ ಇಲ್ಲ ಅಂದಿದ್ದರು. ನಾಲ್ಕು ತಿಂಗಳಿಗೆ ಬುಡದಲ್ಲಿ ಗುಂಗುರು, ತುದಿಯಲ್ಲಿ ಕಡ್ಡಿ. ತುಂಬಾ ಅತ್ತಿದ್ದೆ. ಆ ಔಷಧಿ ಮುರಿದು ಜೋಡಿಸುವುದು ಹೊರಗೆ ಬಂದಿರುವ ಎಳೆಯೊಳಗಿನ ಗಂಧಕದ ಬೆಸುಗೆಗಳನ್ನು ಮಾತ್ರ. ಚರ್ಮದೊಳಗೆ ಕೂದಲು ಹುಟ್ಟುವ ಕುಳಿಯನ್ನು ಅದು ಮುಟ್ಟುವುದಿಲ್ಲ. ನನ್ನ ಕುಳಿ ಬಾಗಿದೆ, ಅಲ್ಲಿಂದ ಹುಟ್ಟುವುದು ಗುಂಗುರೇ. ಇದನ್ನು ಅವತ್ತೇ ಯಾರಾದರೂ ಹೇಳಿದ್ದರೆ! ಅಜ್ಜಿ ಮಾತ್ರ ಅಷ್ಟೂ ತಿಂಗಳು ಕೊಬ್ಬರಿ ಎಣ್ಣೆ ಹಚ್ಚಿ, “ಚೆನ್ನಾಗೈತೆ ಬಿಡವ್ವ, ಯಾಕ್ ಅಳ್ತೀಯ” ಅನ್ನುತ್ತಿದ್ದರು. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಎಳೆಯ ಒಳಕ್ಕೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. ಎಲ್ಲ ಎಣ್ಣೆಗೂ ಈ ಗುಣ ಇಲ್ಲ.

ಈಗ ನೀವೂ ಒಂದು ಎಳೆ ತಗೊಳ್ಳಿ. ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಉದ್ದಕ್ಕೆ ಹಿಂದೆಮುಂದೆ ಉಜ್ಜಿ. ನೋಡಿ, ಜರುಗುತ್ತಿದೆ! ಯಾವಾಗಲೂ ಬುಡದ ಕಡೆಗೇ. ಚಕ್ಕೆಗಳೆಲ್ಲ ತುದಿಯ ಕಡೆಗೆ ಮುಖ ಮಾಡಿರುವುದರಿಂದ ಎಳೆ ಹಿಂದಕ್ಕೆ ಬರುವುದಿಲ್ಲ. ಗೂಡಿನ ಉಂಡೆ ಇಷ್ಟು ಗಂಟಾಗುವುದೂ ಇದರಿಂದಲೇ. ಅದರಲ್ಲಿ ಬುಡ ಯಾವುದೋ, ತುದಿ ಯಾವುದೋ, ಒಂದರ ಚಕ್ಕೆಗೆ ಇನ್ನೊಂದು ಕಚ್ಚಿಕೊಳ್ಳುತ್ತದೆ.

ಇಂಥ ಉಂಡೆಗಳನ್ನು ಬಿಡಿಸುವುದೇ ಕೆಲಸವಾಗಿರುವ ಊರು ಕೊಪ್ಪಳದ ಪಕ್ಕದ ಭಾಗ್ಯನಗರ. ಕೈಯಲ್ಲೇ ಸಿಕ್ಕು ಬಿಡಿಸಿ, ಬಾಚಿ, ಉದ್ದ ನೋಡಿ ಜೋಡಿಸುತ್ತಾರೆ. ವಿಗ್‌ಗೆ ಹೋಗುವುದು ಆಮೇಲೆ.

ಓ, ಬಾಗಿಲಲ್ಲಿ ಪಾತ್ರೆ ಅಕ್ಕ ಕೂಗುತ್ತಿದ್ದಾರೆ. ಅಜ್ಜಿ ಉಂಡೆ ತಗೊಂಡು ಹೊರಟೇಬಿಟ್ಟರು. ಹಾಳೆ ಮೇಲಿನ ಮೂರು ಎಳೆಯನ್ನೂ ಕೇಳುತ್ತಿದ್ದಾರೆ. ಅವನ್ನು ನಾನು ಕೊಡುವುದಿಲ್ಲ.