ಅಕ್ರಾದಲ್ಲಿ ಒಂದು ಚಾಲ್ತಿ ಖಾತೆ

ಕೇಳುಗರಿಗೆ ನಮಸ್ಕಾರ.

ಘಾನಾ ದೇಶಕ್ಕೆ ವ್ಯಾಪಾರಕ್ಕೆಂದು ಹೊರಟವರು ಅಲ್ಲಿನ ಬ್ಯಾಂಕಿನಲ್ಲಿ ಕಂಪೆನಿಯ ಖಾತೆ ತೆರೆಯುವುದು ಹೇಗೆ ಎಂಬುದನ್ನು ಹತ್ತು ನಿಮಿಷದಲ್ಲಿ ಹೇಳಬೇಕೆಂದು ಆಕಾಶವಾಣಿಯವರು ಕೇಳಿದ್ದಾರೆ. ನಿಜವಾಗಿ ಅದಕ್ಕೆ ಅರ್ಧ ನಿಮಿಷ ಸಾಕು. ನಿಮ್ಮ ಹೆಸರು ಎಲ್ಲ ಕಾಗದಪತ್ರಗಳಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಅಷ್ಟೇ. ಉಳಿದ ಒಂಬತ್ತೂವರೆ ನಿಮಿಷವೂ ನಾನು ಇದನ್ನೇ ತಿರುತಿರುಗಿ ಹೇಳುತ್ತೇನೆ. ಒಮ್ಮೆ ಹೇಳಿದರೆ ಯಾರೂ ನಂಬುವುದಿಲ್ಲವೆಂದು ಅನುಭವದಿಂದ ಕಲಿತಿದ್ದೇನೆ.

ಪುತ್ತೂರು, ಕಾರ್ಕಳ, ಮಂಗಳೂರಿನ ಗೇರುಬೀಜ ಕಾರ್ಖಾನೆಗಳ ಮನೆಗಳಲ್ಲಿ ಈಗ ಇದನ್ನು ಕೇಳುತ್ತಿರುವ ಯುವಕ ಯುವತಿಯರೇ, ಈ ಮಾತು ಮುಖ್ಯವಾಗಿ ನಿಮಗೆ. ನಮ್ಮ ಗುಡ್ಡಗಳ ಬೀಜ ನಮ್ಮ ಕಾರ್ಖಾನೆಗಳಿಗೆ ಸಾಲುವುದಿಲ್ಲ. ಐವರಿ ಕೋಸ್ಟ್, ಬೆನಿನ್, ಗಿನಿ ಬಿಸಾವ್, ಘಾನಾ, ಹೀಗೆ ಪಶ್ಚಿಮ ಆಫ್ರಿಕಾದಿಂದ ಹಡಗಿನಲ್ಲಿ ಬರಬೇಕು. ಅಪ್ಪ ಮಧ್ಯವರ್ತಿಗಳಿಂದ ಕೊಂಡರು, ನಿಮಗೆ ನೇರವಾಗಿ ಅಲ್ಲಿಯೇ ಹೋಗಿ ಕೊಳ್ಳುವ ಆಸೆ. ಒಳ್ಳೆಯ ಆಸೆ. ನಾನು ಘಾನಾದ ರಾಜಧಾನಿ ಅಕ್ರಾದಲ್ಲಿ ಹಲವು ವರ್ಷ ಲೆಕ್ಕಪರಿಶೋಧಕನಾಗಿ ಇದ್ದವನು. ಬಂದವರೆಲ್ಲ ನನ್ನನ್ನು ಕೇಳುತ್ತಿದ್ದ ಮೊದಲ ಪ್ರಶ್ನೆ, “ಯಾವ ಬ್ಯಾಂಕು ಒಳ್ಳೆಯದು?” ಸ್ವಾಮಿ, ನೀವು ಬ್ಯಾಂಕನ್ನು ಪರೀಕ್ಷಿಸುವ ಮೊದಲು ಬ್ಯಾಂಕು ನಿಮ್ಮನ್ನು ಪರೀಕ್ಷಿಸುತ್ತದೆ. ಅದರ ಪ್ರಶ್ನೆ ಒಂದೇ: “ನೀವು ಯಾರು?”

ಅವರ ಗುಮಾನಿಗೆ ಕಾರಣವಿದೆ. 2017ರ ಆಗಸ್ಟ್‌ನಲ್ಲಿ ಬ್ಯಾಂಕ್ ಆಫ್ ಘಾನಾ, ಅಂದರೆ ನಮ್ಮ ರಿಸರ್ವ್ ಬ್ಯಾಂಕಿನಂಥದ್ದು, ಎರಡು ಬ್ಯಾಂಕುಗಳ ಪರವಾನಗಿ ರದ್ದು ಮಾಡಿತು. ಮರುವರ್ಷ ಐದು ಬ್ಯಾಂಕುಗಳನ್ನು ಒಂದೇ ಚೀಲಕ್ಕೆ ಸುರಿದು ಹೊಸ ಬ್ಯಾಂಕೊಂದನ್ನು ಮಾಡಿತು. ಪ್ರತಿ ಬ್ಯಾಂಕಿನ ಕನಿಷ್ಠ ಬಂಡವಾಳ 40 ಕೋಟಿ ಸೆಡಿ ಇರಬೇಕೆಂದಿತು. ಸೆಡಿ ಎಂದರೆ ಅಲ್ಲಿನ ರೂಪಾಯಿ. ಆ ಹೊತ್ತಿಗೆ ಬ್ಯಾಂಕ್ ಆಫ್ ಬರೋಡಾ ತನ್ನ ಘಾನಾದ ಅಂಗಸಂಸ್ಥೆಯನ್ನು ಮುಚ್ಚಿ ಹೊರಬಂತು. ಅದೇ ಬರೋಡಾದೊಳಗೆ ನಮ್ಮ ವಿಜಯಾ ಬ್ಯಾಂಕು 2019ರಲ್ಲಿ ಕರಗಿಹೋಯಿತಲ್ಲ, ಆ ಸಂಕಟಕ್ಕೆ ಬೇರೆಯೇ ಭಾಷಣ ಬೇಕು. ಅಂತೂ ಅಷ್ಟು ಪೆಟ್ಟು ತಿಂದ ಮೇಲೆ ಅಲ್ಲಿನ ಬ್ಯಾಂಕಿನವರು ಹೊಸಬರ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ನಮ್ಮೂರಿನಲ್ಲಿ ಹಿಂದೆ ಖಾತೆ ತೆರೆಯಲು ಪರಿಚಯಸ್ಥರೊಬ್ಬರ ಸಹಿ ಸಾಕಾಗುತ್ತಿತ್ತು, ಮ್ಯಾನೇಜರರಿಗೆ ನಿಮ್ಮ ಅಜ್ಜನೂ ಗೊತ್ತು, ನಿಮ್ಮ ತೋಟವೂ ಗೊತ್ತು. ಅಕ್ರಾದಲ್ಲಿ ನಿಮ್ಮ ಅಜ್ಜ ಯಾರಿಗೂ ಗೊತ್ತಿಲ್ಲ. ಅಲ್ಲಿ ನೀವೆಂದರೆ ನಿಮ್ಮ ಕಾಗದದ ಮೇಲಿನ ಅಕ್ಷರಗಳು, ಅಷ್ಟೇ.

ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ಕಡೆಯವರೇ ಆದ ಒಬ್ಬ ವ್ಯಾಪಾರಿ ಒಂದು ಜನವರಿಯಲ್ಲಿ ಅಕ್ರಾಕ್ಕೆ ಬಂದಿಳಿದರು. ಜಾಣರು. ಕಂಪೆನಿಯ ನೋಂದಣಿ ಮುಗಿದಿತ್ತು, ಸ್ಥಳೀಯ ಪಾಲುದಾರರೂ ಸಿಕ್ಕಿದ್ದರು. ಅವರ ಹೆಸರು ನಮ್ಮ ಅನೇಕರ ಹೆಸರಿನಂತೆಯೇ: ಮುಂದೆ ಎರಡು ಅಕ್ಷರ, ಕೊನೆಗೆ ಭಟ್. ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಊರು, ತಂದೆ, ತಾವು, ಭಟ್ ನಾಲ್ವರೂ ಒಂದೇ ಸಾಲಿನಲ್ಲಿ ಮೈಚಾಚಿ ಮಲಗಿದ್ದರು. ಕಂಪೆನಿಯ ದಾಖಲೆಯಲ್ಲಿ ಊರೂ ತಂದೆಯೂ ಕುಗ್ಗಿ ಒಂದೊಂದು ಅಕ್ಷರವಾಗಿದ್ದರು. ಮಂಗಳೂರಿನ ಬ್ಯಾಂಕು ಕೊಟ್ಟ ಪತ್ರದಲ್ಲಿ ಊರೇ ಇರಲಿಲ್ಲ, ಅದರ ಬದಲಿಗೆ ಭಟ್ ಎಂಬುದರ ಕೊನೆಗೆ ಇಂಗ್ಲಿಷಿನ ‘ಟಿ’ ಎರಡಾಗಿತ್ತು.

ನಾನೂ ಜೊತೆಗೆ ಹೋಗಿದ್ದೆ. ಮೇಜಿನ ಆಚೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಒಬ್ಬ ಮಹಿಳಾ ಅಧಿಕಾರಿ. ಮೂರು ಕಾಗದಗಳನ್ನು ಇಸ್ಪೀಟಿನ ಎಲೆಗಳಂತೆ ಸಾಲಾಗಿ ಹರಡಿದರು. ಪೆನ್ನಿನ ತುದಿಯನ್ನು ಒಂದೊಂದರ ಮೇಲೂ ಇಟ್ಟು ಕೇಳಿದರು: “ಈ ಮೂವರಲ್ಲಿ ಇವತ್ತು ಬಂದಿರುವವರು ಯಾರು?”

ನಮ್ಮವರು ನಕ್ಕರು. ಆಕೆ ನಗಲಿಲ್ಲ.

“ಮೇಡಂ, ಈ ಅಕ್ಷರ ನಮ್ಮ ಊರು” ಎಂದು ಇವರು ವಿವರಿಸಲು ಹೊರಟರು.

“ಸರ್, ಖಾತೆ ತೆರೆಯುವವರು ನೀವೋ, ನಿಮ್ಮ ಊರೋ?”

ಆಮೇಲೆ ಆಕೆಯೇ ಸ್ವಲ್ಪ ಮೆತ್ತಗಾಗಿ ತಮ್ಮ ಮನೆಯ ವಿಷಯ ಹೇಳಿದರು. ಘಾನಾದ ಅಕಾನ್ ಎಂಬ ಜನಾಂಗದವರಲ್ಲಿ ಹುಟ್ಟಿದ ವಾರದ ಮೇಲೆ ಹೆಸರಿಡುತ್ತಾರೆ. ಶುಕ್ರವಾರದ ಗಂಡುಮಗು ಕೋಫಿ, ಶನಿವಾರದ್ದು ಕ್ವಾಮೆ. ದೇಶದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಶನಿವಾರ ಹುಟ್ಟಿದವರು. ಸೋಮವಾರದವನು ಕ್ವಾಡ್ವೊ, ಅದನ್ನೇ ಕೋಜೊ ಎಂದೂ ಕರೆಯುತ್ತಾರೆ. “ನನ್ನ ತಮ್ಮ ಅಮ್ಮನಿಗೆ ಕೋಜೊ, ಶಾಲೆಗೆ ಕ್ವಾಡ್ವೊ. ಮನೆಯಲ್ಲಿ ಒಬ್ಬನೇ ಮಗ. ನನ್ನ ಮೇಜಿಗೆ ಬಂದರೆ ಇಬ್ಬರು” ಎಂದರು. ಕಾಗದಗಳನ್ನು ಕೂಡಿಸಿ, ಎದ್ದು, ಇಂಗ್ಲಿಷಿನಲ್ಲಿ “ಬರುತ್ತೇನೆ” ಎಂದು ಹೇಳಿ ಹೊರಟೇಹೋದರು. ಘಾನಾದಲ್ಲಿ ಎದ್ದು ಹೋಗುವವರು ಹಾಗೆಯೇ ಹೇಳುವುದು. ಬೇರೆ ದೇಶದವರು ಇದರಿಂದ ತಬ್ಬಿಬ್ಬಾಗುತ್ತಾರೆ. ಹೊಸಿಲು ದಾಟುವಾಗ “ಹೋಗುತ್ತೇನೆ” ಎನ್ನಲು ಹೆದರುವ ನಮಗೆ ಮಾತ್ರ ಅದು ಚೆನ್ನಾಗಿ ಅರ್ಥವಾಗುತ್ತದೆ.

ಬಂದರು, ಮುಕ್ಕಾಲು ಗಂಟೆಯ ನಂತರ. ಅಫಿಡವಿಟ್ ಬೇಕು ಎಂದರು, ಮಾಡಿಸಿದೆವು. ಅವರ ಮುಖ್ಯ ಕಚೇರಿ ಅದನ್ನು ಒಪ್ಪಲಿಲ್ಲ. ಕಂಪೆನಿಯ ನೋಂದಣಿ ದಾಖಲೆಯಲ್ಲೇ ಹೆಸರು ಸರಿಯಾಗಬೇಕು, ಆಮೇಲೆ ತೆರಿಗೆ ಕಚೇರಿಯಲ್ಲಿ, ಆಮೇಲೆ ನಿರ್ದೇಶಕ ಮಂಡಳಿಯ ನಿರ್ಣಯದಲ್ಲಿ. ಒಂದು ಸರಿಯಾಯಿತು ಎನ್ನುವಷ್ಟರಲ್ಲಿ ಇನ್ನೊಂದು ಹಳೆಯದಾಗುತ್ತಿತ್ತು. ಇತ್ತ ಫೆಬ್ರವರಿಯಲ್ಲಿ ಗೇರು ಬೆಳೆಯುವ ಟೆಚಿಮನ್ ಪಟ್ಟಣದ ಸುತ್ತಮುತ್ತ ಬೀಜ ಉದುರತೊಡಗಿತು. ರೈತ ತಕ್ಕಡಿಯ ಪಕ್ಕದಲ್ಲೇ ಹಣ ಕೇಳುತ್ತಾನೆ. ಹಣ ಮಂಗಳೂರಿನಲ್ಲಿ, ತಕ್ಕಡಿ ಅಲ್ಲಿ. “ಏನು ಮಾರಾಯರೇ, ಒಂದು ‘ಟಿ’ ಅಕ್ಷರಕ್ಕೆ ನನ್ನ ಹಂಗಾಮೇ ಹೋಯಿತಲ್ಲ!” ಎಂದು ಅವರು ದಿನವೂ ಫೋನಿನಲ್ಲಿ ಕೂಗುತ್ತಿದ್ದರು. ನಾನು ಡಿಸೆಂಬರಿನಲ್ಲೇ ಹೇಳಿದ್ದೆ. ಅದನ್ನು ಆಗ ನೆನಪಿಸಲಿಲ್ಲ, ಈಗ ನೆನಪಿಸುತ್ತಿದ್ದೇನೆ.

ಖಾತೆ ತೆರೆದದ್ದು ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ಮಳೆ ಶುರುವಾಗಿತ್ತು. ಗೇರು ವ್ಯಾಪಾರದಲ್ಲಿ 80 ಕಿಲೋ ಮೂಟೆಗೆ ಎಷ್ಟು ಪೌಂಡು ತಿರುಳು ಬರುತ್ತದೆ ಎಂಬುದರ ಮೇಲೆ ದರ. ಅವರು ಮೊದಲ ಮೂಟೆಯ ಬೀಜಗಳನ್ನು ಸೀಳಿ ಸಾಲಾಗಿ ಇಟ್ಟರು. ಬಿಳಿ ತಿರುಳಿನ ನಡುನಡುವೆ ಕಪ್ಪು ಚುಕ್ಕೆ, ಕೆಲವಂತೂ ಒದ್ದೆಯಾಗಿ ಬೆರಳಿಗೆ ಅಂಟುತ್ತಿದ್ದವು. ಅವರು ಒಂದು ಮಾತೂ ಆಡದೆ ಕೈ ಒರೆಸಿಕೊಂಡರು.

ಕಥೆ ಉದ್ದವಾಯಿತು. ಉಳಿದದ್ದನ್ನು ಓಡಿಸಿ ಹೇಳುತ್ತೇನೆ.

2019ರ ಕಂಪೆನಿ ಕಾಯಿದೆಯಂತೆ ಇಬ್ಬರು ನಿರ್ದೇಶಕರು ಬೇಕು, ಅವರಲ್ಲಿ ಒಬ್ಬರಾದರೂ ಘಾನಾದಲ್ಲೇ ವಾಸಿಸುವವರಾಗಿರಬೇಕು. ಕಾರ್ಯದರ್ಶಿ ಬೇಕು, ಲೆಕ್ಕಪರಿಶೋಧಕರು ಬೇಕು. ಕಂಪೆನಿಯ ನಿಜವಾದ ಒಡೆಯರು ಯಾರೆಂದು ಬರೆದುಕೊಡಬೇಕು. ಭಾವಮೈದುನನ ಹೆಸರಿನಲ್ಲಿ ಆಟ ಕಟ್ಟಬೇಡಿ. ವಿಳಾಸಕ್ಕೆ “ಮಾವಿನ ಮರದ ಹಿಂದೆ” ಎಂದರೆ ನಡೆಯದು. 2017ರಿಂದ ಅಲ್ಲಿ ಪ್ರತಿ ಜಾಗಕ್ಕೂ ಅಕ್ಷರ, ಅಂಕೆ ಕೂಡಿದ ಡಿಜಿಟಲ್ ವಿಳಾಸವಿದೆ. 2022ರ ಜುಲೈ 1ರಿಂದ ಬ್ಯಾಂಕಿನ ಕೆಲಸಕ್ಕೆಲ್ಲ ಘಾನಾ ಕಾರ್ಡ್ ಎಂಬ ಗುರುತಿನ ಚೀಟಿಯೇ ಬೇಕು. ಅಲ್ಲಿ ನೆಲೆಸುವ ವಿದೇಶಿಯರಿಗೂ ಪ್ರತ್ಯೇಕ ಕಾರ್ಡು ಕೊಡುತ್ತಾರೆ. ಅದರ ಮೇಲೂ ಹೆಸರಿರುತ್ತದೆ. ಯಾವ ಹೆಸರು? ನೀವೇ ಹೇಳಿ.

ಬಂಡವಾಳದ ವಿಷಯ. 2013ರ ಹೂಡಿಕೆ ಕಾಯಿದೆ ವಿದೇಶಿಯರಿಗೆ ಮಿತಿ ಹಾಕಿತು: ಶೇಕಡಾ 10ರಷ್ಟಾದರೂ ಪಾಲುಳ್ಳ ಸ್ಥಳೀಯರಿದ್ದರೆ 2 ಲಕ್ಷ ಡಾಲರ್, ಪೂರ್ತಿ ನಿಮ್ಮದೇ ಆದರೆ 5 ಲಕ್ಷ, ಹೊರಗಿನ ಸರಕು ತಂದು ಅಲ್ಲಿ ಮಾರುವುದಾದರೆ 10 ಲಕ್ಷ. ಬರೀ ರಫ್ತಿಗೆಂದೇ ಕಟ್ಟಿದ ಕಂಪೆನಿಯನ್ನು ಅದು ಬಿಟ್ಟಿತ್ತು, ಗೇರಿನವರಿಗೆ ಅದೊಂದು ಪುಣ್ಯ. ಈ ಹಣ ಬ್ಯಾಂಕಿನ ಮೂಲಕವೇ ಬಂದು ದಾಖಲಾಗಬೇಕು. ಆದರೆ ಹಣ ಬರಲು ಖಾತೆ ಬೇಕು, ಖಾತೆಗೆ ಪರವಾನಗಿಗಳನ್ನು ಕೇಳುತ್ತಾರೆ, ಪರವಾನಗಿಯವರು ಹಣ ಎಲ್ಲಿ ಎನ್ನುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಗಂಟು ಬಿಚ್ಚುವುದು ಹೀಗೆ: ಮೊದಲು ಕಂಪೆನಿ, ಆಮೇಲೆ ಖಾತೆ, ಆಮೇಲೆ ಹಣ, ಕೊನೆಗೆ ವಾಸದ ಪರವಾನಗಿ. ಹಣ ಕಳಿಸಿದವರ ಹೆಸರೂ ಹೊಂದಬೇಕೆಂದು ಬೇರೆ ಹೇಳಬೇಕಿಲ್ಲ ತಾನೆ?

ಸೆಡಿಯಲ್ಲಿ ಒಂದು, ಡಾಲರಿನಲ್ಲಿ ಒಂದು, ಎರಡು ಖಾತೆ ಮಾಡಿಸಿ. ಹಳ್ಳಿಯಲ್ಲಿ ಹಣ ಕೊಡಲು ಮೋಮೋ ಇದೆ. ಮೊಬೈಲಿನಿಂದಲೇ ರೈತನಿಗೆ ಹಣ ಹೋಗುತ್ತದೆ. ಅದನ್ನು ವಿವರಿಸಲು ಸಮಯವಿಲ್ಲ. ಎರಡು ದಿನದಲ್ಲಿ ಖಾತೆ ಮಾಡಿಸಿಕೊಡುತ್ತೇನೆ ಎನ್ನುವ ದಲ್ಲಾಳಿಗೆ ಕಾಫಿ ಕೊಡಿಸಿ, ಕಾಗದ ಕೊಡಬೇಡಿ.

ನನ್ನ ನಂತರ ಚಿತ್ರಗೀತೆಗಳಿವೆಯಂತೆ. ಮೊದಲ ಹಾಡು ಮುಗಿಯುವುದರೊಳಗೆ ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದು ಉಪನಾಮದ ಸಾಲನ್ನು ನೋಡಿ. ಖಾಲಿಯಿದ್ದರೆ ನಾಳೆಯೇ ಅರ್ಜಿ ಹಾಕಿ. ನಮಸ್ಕಾರ.