ಎಲುಬಿನ ಅಗಲ ಎಷ್ಟು, ಡಾಕ್ಟ್ರೇ?

ಕೇಳುಗರಿಗೆ ನಮಸ್ಕಾರ.

ಹಲ್ಲು ಕೀಳಿಸಿ ಆ ಜಾಗವನ್ನು ವರ್ಷಗಟ್ಟಲೆ ಖಾಲಿ ಬಿಟ್ಟವರು ಮುಂಬಯಿಯ ನಮ್ಮ ಜನರಲ್ಲಿ ಬಹಳ. ಹೋಟೆಲಿನ ಗಲ್ಲೆಯಲ್ಲಿ ಕೂತವರಿಗೆ ಬಿಡುವಿಲ್ಲ, ಡೊಂಬಿವಲಿಯಿಂದ ಲೋಕಲ್ ಹಿಡಿದು ಫೋರ್ಟಿಗೆ ಓಡುವವರಿಗೆ ರಜೆಯಿಲ್ಲ. ಊರಿಗೆ ಹೋದಾಗ ನೋಡೋಣ ಅನ್ನುತ್ತಾರೆ. ಊರಿಗೆ ಹೋದರೆ ಮದುವೆ, ಕೋಲ, ಜಾಗದ ತಕರಾರು. ಹಲ್ಲಿನ ನೆನಪು ಯಾರಿಗೆ? ಕೊನೆಗೊಮ್ಮೆ ಇಂಪ್ಲಾಂಟ್, ಅಂದರೆ ದವಡೆಯ ಎಲುಬಿಗೆ ನೆಟ್ಟು ಮೇಲೆ ಹಲ್ಲು ಕೂರಿಸುವ ಟೈಟಾನಿಯಂ ಸ್ಕ್ರೂ, ಹಾಕಿಸಲು ಬಂದರೆ, ಎಲುಬು ಸಪೂರ ಆಗಿದೆ ಎಂಬ ಉತ್ತರ ಸಿಗುತ್ತದೆ.

ಹಲ್ಲು ಹೋದ ಮೊದಲ ವರ್ಷದಲ್ಲೇ ಆ ಜಾಗದ ಎಲುಬಿನ ಅಗಲ ಅರ್ಧದಷ್ಟು ಕರಗಬಹುದು, ಹೆಚ್ಚಿನದು ಮೊದಲ ಮೂರು ತಿಂಗಳಲ್ಲೇ. ತುಟಿ, ಕೆನ್ನೆಯ ಕಡೆಯ ಎಲುಬಿನ ಹೊರಗೋಡೆ ಮೊದಲೇ ತೆಳು. ಮೇಲಿನ ಮುಂದಿನ ಹಲ್ಲುಗಳಲ್ಲಿ ಅನೇಕರಿಗೆ ಅದು 1 ಮಿಲಿಮೀಟರ್ ಕೂಡ ಇರುವುದಿಲ್ಲ.

ಸ್ವೀಡನ್ನಿನ ವೈದ್ಯ ಬ್ರಾನೆಮಾರ್ಕ್ 1950ರ ದಶಕದಲ್ಲಿ ಮೊಲದ ಎಲುಬಿಗೆ ಟೈಟಾನಿಯಂ ಬಿಡಿಸಲಾಗದಂತೆ ಬೆಸೆದುಕೊಂಡದ್ದನ್ನು ಕಂಡರು. 1965ರಲ್ಲಿ ಮನುಷ್ಯರ ದವಡೆಗೆ ಹಾಕಿದರು. ಹಾಗೆ ಬೆಸೆಯಲು ಸ್ಕ್ರೂವಿನ ಸುತ್ತ ಎಲುಬು ಬೇಕಲ್ಲ? 4 ಮಿಲಿಮೀಟರ್ ದಪ್ಪದ ಸ್ಕ್ರೂವಿಗೆ ಎರಡೂ ಪಕ್ಕ ಒಂದರಿಂದ ಒಂದೂವರೆ ಮಿಲಿಮೀಟರ್ ಉಳಿಯಬೇಕು. ಒಟ್ಟು 6–7. ನಿಮ್ಮಲ್ಲಿ ಇರುವುದೇ 4 ಆದರೆ?

ಸುಲಭದ ದಾರಿ ಸಪೂರ ಸ್ಕ್ರೂ, 3–3.5 ಮಿಲಿಮೀಟರಿನದು. ಕೆಳಗಿನ ಮುಂದಿನ ಪುಟ್ಟ ಹಲ್ಲುಗಳಿಗೆ ಒಳ್ಳೆಯದೇ. ಚಕ್ಕುಲಿ ಕಡಿಯುವ ದವಡೆ ಹಲ್ಲಿಗೆ ಅದೊಂದನ್ನೇ ನೆಟ್ಟು ಕಳಿಸುವುದು ನನಗೆ ಸರಿಕಾಣುವುದಿಲ್ಲ, ಒತ್ತಡಕ್ಕೆ ಮುರಿಯುವ ಭಯವಿದೆ.

ಇನ್ನೊಂದು, ಎಲುಬನ್ನೇ ಸೀಳಿ ಅಗಲಿಸುವುದು. ಕೇಳಿದವರು ಹೌಹಾರುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಸಡು ಬಿಡಿಸಿ, ಎಲುಬಿನ ನೆತ್ತಿಯಲ್ಲಿ ಸಣ್ಣ ಗರಗಸದಿಂದಲೋ ಅಲ್ಟ್ರಾಸೌಂಡ್ ಕಂಪನದ ಪೀಜೋ ಉಪಕರಣದಿಂದಲೋ ಗೆರೆ ಕೊಯ್ಯುತ್ತೇವೆ. ಆಮೇಲೆ ತೆಳು ಉಳಿ, ಅದಕ್ಕಿಂತ ದಪ್ಪದ್ದು, ಇನ್ನೂ ದಪ್ಪದ್ದು, ಹೀಗೆ ಒಂದೊಂದಾಗಿ ಇಳಿಸುತ್ತ ಹೊರಗೋಡೆಯನ್ನು ಮೆಲ್ಲಗೆ ಹೊರಕ್ಕೆ ಸರಿಸುತ್ತೇವೆ. ನಡುವೆ ಇಂಪ್ಲಾಂಟ್, ಉಳಿದ ಸಂದಿಗೆ ಎಲುಬಿನ ಹರಳು, ಅಂದರೆ ಹೊಸ ಎಲುಬು ಬೆಳೆಯಲೆಂದು ತುಂಬುವ ಪುಡಿ. ಹಸಿ ಬಿದಿರು ಸೀಳಿದವರಿಗೆ ಗೊತ್ತು, ಆತುರಪಟ್ಟರೆ ಸೀಳು ಪಕ್ಕಕ್ಕೆ ಓಡುತ್ತದೆ. ಇಲ್ಲಿಯೂ ಹೊರಗೋಡೆ ಮುರಿದು ಕೈಗೆ ಬರುತ್ತದೆ. ಕನಿಷ್ಠ 3 ಮಿಲಿಮೀಟರ್ ಅಗಲವಿದ್ದು, ಎರಡು ಗಟ್ಟಿ ಗೋಡೆಗಳ ನಡುವೆ ಮೃದು ಎಲುಬಿದ್ದರೆ ಮಾತ್ರ ಈ ಕೆಲಸ. ಅಗಲ ಸಿಗುತ್ತದೆ, ಎತ್ತರ ಸಿಗುವುದಿಲ್ಲ.

ಮೇಲ್ದವಡೆ ಮೃದು, ಬಾಗುತ್ತದೆ. ಕೆಳದವಡೆ ಹಟಮಾರಿ. ಅಲ್ಲಿ ಎರಡು ಕಂತಿನಲ್ಲಿ ಮಾಡುವ ಕ್ರಮವಿದೆ: ಮೊದಲ ದಿನ ಹೊರಗೋಡೆಗೆ ಗೆರೆ ಮಾತ್ರ ಕೊಯ್ದು ಹೊಲಿಗೆ ಹಾಕುವುದು, ಮೂರು–ನಾಲ್ಕು ವಾರ ಕಳೆದು ಸೀಳುವುದು. ಅಷ್ಟರಲ್ಲಿ ಒಸಡು ಮತ್ತೆ ಅಂಟಿ ಎಲುಬಿಗೆ ರಕ್ತ ಸಿಗುತ್ತಿರುತ್ತದೆ, ಎರಡನೆಯ ಸಲ ಅದನ್ನು ಹೊರಗೋಡೆಯಿಂದ ಬಿಡಿಸುವುದಿಲ್ಲ. ರಕ್ತ ನಿಂತರೆ ಸರಿಸಿದ ಗೋಡೆ ಕರಗಿಹೋಗುತ್ತದೆ.

ಸೀಳಲೂ ಜಾಗವಿಲ್ಲದಿದ್ದರೆ ಬುದ್ಧಿಹಲ್ಲಿನ ಹಿಂದಿನಿಂದಲೋ ಗದ್ದದಿಂದಲೋ ಎಲುಬಿನ ತುಂಡು ತೆಗೆದು ಕೂರಿಸಬೇಕು, ಇಲ್ಲವೇ ಹರಳು ತುಂಬಿ ಮೇಲೆ ತೆಳು ಪೊರೆ ಮುಚ್ಚಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಕಾದು ಆಮೇಲೆ ಸ್ಕ್ರೂ. ಗದ್ದದಿಂದ ತೆಗೆದರೆ ಕೆಲವರಿಗೆ ಅಲ್ಲಿ ಜೋಮು ಉಳಿಯುತ್ತದೆ.

ಇಷ್ಟರಲ್ಲಿ ಯಾವುದು ನಿಮಗೆ ಎಂದು ಹೇಳುವುದು ಅಳತೆ. ದವಡೆಯ ಉದ್ದದ ಎಕ್ಸ್‌ರೇ, ಓಪಿಜಿ, ಎತ್ತರ ತೋರಿಸುತ್ತದೆ. ಅಗಲ ಕಾಣಬೇಕಾದರೆ ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ಕೆಳತುಟಿಗೆ ಹೋಗುವ ನರ ಎಲ್ಲಿದೆ ಎಂಬುದೂ ಅದರಲ್ಲೇ ಸ್ಪಷ್ಟ. ಅಳೆಯುವ ಮೊದಲೇ ರೇಟು ಹೇಳುವವರಲ್ಲಿ ಅಗಲ ಎಷ್ಟು ಎಂದು ಕೇಳಿ ನೋಡಿ.

ಖರ್ಚಿನ ಚಿಂತೆ ಇದ್ದವರು ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆಯಲ್ಲೋ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರದ ಸರ್ಕಾರಿ ದಂತ ಕಾಲೇಜಿನಲ್ಲೋ ವಿಚಾರಿಸಬಹುದು. ತಂಬಾಕು, ಬೀಡಿ ಇದ್ದರೆ ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆಯ ರಿಪೋರ್ಟು, ಮಾತ್ರೆಗಳ ಚೀಟಿ ಜೊತೆಗಿರಲಿ. ಎಲುಬು ಸವೆತಕ್ಕೆ ಮಾತ್ರೆಯೋ ಇಂಜೆಕ್ಷನ್ನೋ ತೆಗೆದುಕೊಂಡಿದ್ದರೆ ಅದನ್ನಂತೂ ಮೊದಲೇ ಹೇಳಿ. ಅಂಥ ಕೆಲವು ಔಷಧಿಗಳಿಂದ ದವಡೆಯ ಗಾಯ ಮಾಯದೆ ಉಳಿಯುವುದುಂಟು.

ನಮಸ್ಕಾರ.